ಕುಲ್ಸುಮಬಿ ಎಣಿಸಿ ಕೊಟ್ಟ ಚೀಲಗಳು

ಕುಲ್ಸುಮಬಿ ತನ್ನ ಹೆಸರಿನಲ್ಲಿ ಯಾರ ಹತ್ತಿರವೂ ಒಂದು ರೂಪಾಯಿ ಸಾಲ ಮಾಡಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ೧೯೮೮ರ ಮಳೆಗಾಲದಲ್ಲಿ ಐದು ತಿಂಗಳ ಕಾಲ ಬ್ಯಾಡಗಿಯ ಅವಳ ಮನೆಯ ಬಾಗಿಲಲ್ಲಿ ನಿಂತವರು ಅವಳನ್ನು ಸಾಲ ಮುಳುಗಿಸಿದವಳು ಎಂದೇ ಕರೆದರು. ಓಣಿಯ ಕೆಲವರು ಅದನ್ನು ನಂಬಿದರು. ದೊಡ್ಡ ದನಿಯಲ್ಲಿ ಹೇಳಿದ್ದನ್ನು ನಂಬುವ ಜನ ಎಲ್ಲ ಊರಲ್ಲೂ ಇರುತ್ತಾರೆ.

ಸಾಲ ಅವಳ ಗಂಡ ಶಾಬುದ್ದೀನನದು. ಅವನು ಗೋಣಿಚೀಲದ ವ್ಯಾಪಾರಿ. ಬ್ಯಾಡಗಿಯ ಮೆಣಸಿನಕಾಯಿಯ ಹೆಸರು ದೇಶಕ್ಕೆಲ್ಲ ಗೊತ್ತು. ಆ ಕಾಯಿ ತುಂಬುವ ಚೀಲ ಎಲ್ಲಿಂದ ಬರುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಶಾಬುದ್ದೀನ ರಾಣೆಬೆನ್ನೂರಿನ ಅಕ್ಕಿ ಗಿರಣಿಗಳಲ್ಲಿ, ಹಾವೇರಿಯ ಕಿರಾಣಿ ಅಂಗಡಿಗಳಲ್ಲಿ ಹರಿದ ಚೀಲ ಕೊಂಡು ತರುತ್ತಿದ್ದ. ಕುಲ್ಸುಮಬಿ ಮತ್ತು ಪಕ್ಕದ ಮನೆಯ ಮುತ್ತವ್ವ ಪಡಸಾಲೆಯಲ್ಲಿ ಕುಳಿತು ದಬ್ಬಣ, ಸುತಳಿ ಹಿಡಿದು ಅವಕ್ಕೆ ತೇಪೆ ಹಾಕುತ್ತಿದ್ದರು. ಇಪ್ಪತ್ತೈದು ಚೀಲಕ್ಕೆ ಒಂದು ಕಟ್ಟು. ಜೂನ್‌ನಿಂದ ನವೆಂಬರ್‌ವರೆಗೆ ಕೊಳ್ಳುವುದು, ಹೊಲಿಯುವುದು, ಒಟ್ಟುವುದು. ಡಿಸೆಂಬರಿನಲ್ಲಿ ಪೇಟೆಗೆ ಕಾಯಿ ಬರಲು ಶುರುವಾದರೆ ಮೇ ತನಕ ಮಾರುವುದು. ಮಳೆಗಾಲದಲ್ಲಿ ಕೈಯಲ್ಲಿ ದುಡ್ಡಿರುವುದಿಲ್ಲ, ಮನೆ ತುಂಬ ಚೀಲ ಇರುತ್ತವೆ. ಆ ವ್ಯಾಪಾರ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಲ ಕೊಟ್ಟವರಿಗೆ ಹತ್ತು ಸಲ ಹೇಳಬೇಕಾಯಿತು.

೧೯೮೭ರ ಫೆಬ್ರವರಿಯಲ್ಲಿ ಶಾಬುದ್ದೀನ ರಾಣೆಬೆನ್ನೂರಿನ ಬಸ್‌ ನಿಲ್ದಾಣದಲ್ಲಿ, ಮಾಲು ಸಾಲದೆ ಮತ್ತೆ ಕೊಂಡ ಚೀಲದ ಕಟ್ಟನ್ನು ಬಸ್ಸಿನ ಮೇಲೆ ಹಾಕಿಸುತ್ತ ನಿಂತಿದ್ದವನು ಎದೆ ಹಿಡಿದುಕೊಂಡು ಕುಳಿತ. ಮತ್ತೆ ಏಳಲಿಲ್ಲ. ಅವನಿಗೆ ನಲವತ್ತೇಳು ವರ್ಷ.

ಮುಸಲ್ಮಾನರಲ್ಲಿ ಹೆಣದ ನಮಾಜಿಗೆ ಮೊದಲು ಮನೆಯವರೊಬ್ಬರು ನಿಂತು ನೆರೆದವರನ್ನು ಕೇಳುವುದುಂಟು: ಸತ್ತವನು ಯಾರಿಗಾದರೂ ಏನಾದರೂ ಕೊಡುವುದಿದ್ದರೆ ಹೇಳಿ, ನಾವು ಕೊಡುತ್ತೇವೆ, ಇಲ್ಲವಾದರೆ ಮಾಫ್ ಮಾಡಿ. ಶಾಬುದ್ದೀನನ ತಮ್ಮ ಸಲಾವುದ್ದೀನ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಹೆಣ ಎತ್ತುವ ಮೊದಲು ಕುಲ್ಸುಮಬಿ ಅವನನ್ನು ಒಳಗೆ ಕರೆದಳು.

"ನಮಾಜಿನ ಮೈದಾನದಾಗ ಕೇಳಬೇಕು. ಗಟ್ಟಿ ಕೇಳು. ಹಿಂದ ನಿಂತವ್ರಿಗೂ ಮುಟ್ಟಬೇಕು."

"ಭಾಭಿ, ಭಾಯಿದು ಎಷ್ಟು ಐತೋ ನಮಗ ಗೊತ್ತಿಲ್ಲ. ಗೊತ್ತಿಲ್ಲದ ಹೆಂಗ ಕೊಡತೇವಿ ಅನ್ನೂದು?"

"ಗೊತ್ತಿಲ್ಲ ಅಂತನ ಕೇಳೂದು."

ಅವನು ಕೇಳಿದ. ನಾಲ್ಕು ನೂರು ಜನ ಕೇಳಿಸಿಕೊಂಡರು. ಚಹಾದಂಗಡಿಯವನು ಹದಿನಾಲ್ಕು ರೂಪಾಯಿ ಬಿಟ್ಟೆ ಎಂದ. ಕರ್ಜಗಿಯ ರೈತನೊಬ್ಬ ಚೀಲದ ಬಾಬತ್ತು ಅರವತ್ತು ರೂಪಾಯಿ ಇದೆ ಎಂದ. ಮೂರನೆಯ ದಿನ ಅವನಿಗೆ ಅದು ಮುಟ್ಟಿತು. ಮೆಣಸಿನಕಾಯಿ ದಲಾಲಿ ಅಂಗಡಿಯ ಪ್ರಭುಲಿಂಗಪ್ಪನವರು ಮನೆಗೇ ಬಂದು, ತಾವೇ ಶಾಬುದ್ದೀನನಿಗೆ ಇನ್ನೂರಿಪ್ಪತ್ತು ಕೊಡುವುದಿತ್ತು ಎಂದು ಹೇಳಿ ಕೊಟ್ಟು ಹೋದರು. ಹನ್ನೊಂದನೆಯ ದಿನ ಹಾವೇರಿಯ ಫೈನಾನ್ಸ್ ಕಂಪನಿಯ ಮ್ಯಾನೇಜರ್ ಬಂದ.

ಆ ಕಂಪನಿಯ ಹೆಸರು ಬರೆಯುವುದಿಲ್ಲ. ಈಗ ಅದು ಇಲ್ಲ. ಆ ಕಾಲದಲ್ಲಿ ಅಂಥವು ಹಾವೇರಿ, ರಾಣೆಬೆನ್ನೂರು ಎರಡರಲ್ಲೂ ಬೀದಿಗೊಂದು ಇದ್ದವು. ಚೀಲ ಕೊಳ್ಳಲೆಂದು ಶಾಬುದ್ದೀನ ಅಲ್ಲಿ ಸಾಲ ತೆಗೆದಿದ್ದ. ಕಟ್ಟಿದ್ದು ಕಳೆದು, ಬಡ್ಡಿ ಸೇರಿ, ಆರು ಸಾವಿರದ ಮುನ್ನೂರು ಬಾಕಿ ಎಂದು ಮ್ಯಾನೇಜರ್ ಹೇಳಿದ. ಕುಲ್ಸುಮಬಿ ಆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿರಲಿಲ್ಲ, ಜಾಮೀನು ನಿಂತಿರಲಿಲ್ಲ. ಸತ್ತವನ ಸಾಲಕ್ಕೆ ಅವನು ಬಿಟ್ಟುಹೋದ ಆಸ್ತಿಯಷ್ಟೇ ಬಾಧ್ಯ, ಹೆಂಡತಿಯ ದುಡಿಮೆಯಲ್ಲ. ಶಾಬುದ್ದೀನ ಬಿಟ್ಟದ್ದು ನಾಲ್ಕಾರು ಕಟ್ಟು ಹರಿದ ಚೀಲ. ಮ್ಯಾನೇಜರಿಗೆ ಈ ಕಾನೂನು ಚೆನ್ನಾಗಿ ಗೊತ್ತಿತ್ತು. ಅದನ್ನು ಅವನು ಹೇಳಲಿಲ್ಲ. ಬದಲಿಗೆ ಮೈದಾನದಲ್ಲಿ ಕೇಳಿದ ಮಾತನ್ನು ಹಿಡಿದುಕೊಂಡ. "ನೀವ ಕೊಡತೇವಿ ಅಂದೀರಂತಲ್ಲ" ಎಂದ.

ಅವಳು ಇದ್ದತ್‌ನಲ್ಲಿದ್ದಳು. ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೆಣ್ಣುಮಗಳು ಹೊರಗಿನ ಗಂಡಸರ ಎದುರು ಬರುವಂತಿಲ್ಲ. ಆದ್ದರಿಂದ ಮಾತುಕತೆ ಪರದೆಯ ಆಚೆ ಈಚೆ ನಡೆಯಿತು. ಸಾಕ್ಷಿಗೆ ಪ್ರಭುಲಿಂಗಪ್ಪನವರು ಕುಳಿತಿದ್ದರು.

"ಮೂರು ವರ್ಷ, ತಿಂಗಳಿಗೆ ನೂರಾ ಎಪ್ಪತ್ತೈದು," ಎಂದ ಮ್ಯಾನೇಜರ್.

"ಮಳಿಗಾಲದಾಗ ನನ್ನ ಕಡೆ ರೊಕ್ಕ ಇರೂದಿಲ್ಲರಿ, ಚೀಲ ಇರತಾವು," ಪರದೆಯ ಹಿಂದಿನಿಂದ ದನಿ ಬಂತು. "ಜೂನಿಂದ ನವೆಂಬರ್ ತಿಂಗಳಿಗೆ ಐವತ್ತು. ಡಿಸೆಂಬರಿಂದ ಮೇ ತಿಂಗಳಿಗೆ ಮುನ್ನೂರು. ವರ್ಷದ ಲೆಕ್ಕ ಅಷ್ಟ ಆಗತೇತಿ. ಹಾಕಿ ನೋಡ್ರಿ."

ಮ್ಯಾನೇಜರ್ ಪೆನ್ನು ತೆಗೆದು ಹಾಕಿ ನೋಡಿದ. ಅಷ್ಟೇ ಆಯಿತು.

"ಓದೀರೇನು?" ಎಂದ.

"ಇಲ್ಲರಿ. ಚೀಲ ಎಣಸತೇನಿ."

ಕಂಪನಿಯ ಹೆಸರು ಮುದ್ರಿಸಿದ ಹಾಳೆಯ ಮೇಲೆ ಒಪ್ಪಂದ ಬರೆದದ್ದಾಯಿತು. ಕಂತನ್ನು ಪ್ರತಿ ತಿಂಗಳು ಹತ್ತನೆಯ ತಾರೀಖಿನೊಳಗೆ ಹಾವೇರಿಯ ಆಫೀಸಿನಲ್ಲಿ ಕಟ್ಟಬೇಕು. ಹೀಗೆ ಕಟ್ಟುತ್ತಿರುವವರೆಗೆ ಬೇರೆ ಬಡ್ಡಿ ಇಲ್ಲ, ವಸೂಲಿಗೆ ಯಾರೂ ಮನೆಗೆ ಬರುವುದಿಲ್ಲ. ಕೊನೆಯ ಮಾತನ್ನು ಪ್ರಭುಲಿಂಗಪ್ಪನವರು ಪಟ್ಟು ಹಿಡಿದು ಬರೆಸಿದರು. ಮ್ಯಾನೇಜರ್ ಸಹಿ ಹಾಕಿ ಶಿಕ್ಕೆ ಒತ್ತಿದ.

ಮೊದಲನೆಯ ಕಂತನ್ನು ದಲಾಲಿ ಅಂಗಡಿಯ ಗುಮಾಸ್ತ ಕಟ್ಟಿ ಬಂದ. ಇದ್ದತ್ ಮುಗಿದ ಮೇಲೆ ಕುಲ್ಸುಮಬಿ ತಾನೇ ಹೋಗತೊಡಗಿದಳು. ಬ್ಯಾಡಗಿಯಿಂದ ಮೋಟೆಬೆನ್ನೂರ ಮೇಲೆ ಹಾವೇರಿಗೆ ಬಸ್ಸು. ಹೋಗಲು ಬರಲು ಅರ್ಧ ದಿನ. ತಂದ ರಸೀದಿಯನ್ನು ಗೋಡೆಯ ಹಲಗೆಗೆ ಚುಚ್ಚಿದ್ದ ದಬ್ಬಣಕ್ಕೆ ಏರಿಸುತ್ತಿದ್ದಳು. ೮೮ರ ಮೇ ತಿಂಗಳಿಗೆ ಅಲ್ಲಿ ಹನ್ನೆರಡು ರಸೀದಿಗಳಿದ್ದವು, ಎರಡು ಸಾವಿರದ ನೂರು ರೂಪಾಯಿ. ಒಂದು ಕಂತು ಒಂದು ದಿನ ತಡವಾಗಿರಲಿಲ್ಲ. ಇನ್ನೆರಡು ವರ್ಷ ಹೀಗೆಯೇ ಕಟ್ಟಿದರೆ ಗಂಡನ ಹೆಸರಿನ ಸಾಲ ತೀರುತ್ತದೆ. ಅವಳಿಗೆ ಬೇಕಾದದ್ದು ಅಷ್ಟೇ. ಅದಕ್ಕೆ ಬೇಕಾದದ್ದು ಪ್ರತಿ ಮಳೆಗಾಲ ಒಂದು ಕೋಣೆ ತುಂಬುವಷ್ಟು ಚೀಲ.

ಆ ವರ್ಷ ಕಂಪನಿಯವರು ಹಳೆಯ ಸಾಲಗಳ ವಸೂಲಿಯನ್ನು ಕಮಿಷನ್ ಮೇಲೆ ಹೊರಗಿನವರಿಗೆ ಕೊಟ್ಟರು. ಕೈಯಾರೆ ತಂದ ಪ್ರತಿ ನೂರಕ್ಕೆ ಹದಿನೈದು ರೂಪಾಯಿ ತಂದವನಿಗೆ. ಸಾಲಗಾರ ತಾನೇ ಬಂದು ಕೌಂಟರಿನಲ್ಲಿ ಕಟ್ಟಿದರೆ ವಸೂಲಿಯವನಿಗೆ ಏನೂ ಇಲ್ಲ. ಈ ಏರ್ಪಾಟಿನ ಪರಿಣಾಮ ಏನಾಗುತ್ತದೆ ಎಂದು ತಿಳಿಯಲು ಅರ್ಥಶಾಸ್ತ್ರ ಓದಬೇಕಾಗಿಲ್ಲ. ಕೊಡದವರು ಊರು ಬಿಟ್ಟಿರುತ್ತಾರೆ, ಇಲ್ಲವೇ ಅವರಿಗೆ ಪುಢಾರಿಗಳ ಪರಿಚಯ ಇರುತ್ತದೆ. ಅವರನ್ನು ಹುಡುಕುವುದು ಕಷ್ಟ, ಸಿಕ್ಕರೂ ಕೈ ಹಾಕುವುದು ಕಷ್ಟ. ತಪ್ಪದೆ ಕೊಡುವವರು ಮಾತ್ರ ಮನೆಯಲ್ಲಿ ಸಿಗುತ್ತಾರೆ. ಹಾಗಾಗಿ ಪೀಡೆ ಅಂಟುವುದು ಕೊಡುವವರಿಗೇ. ಇದನ್ನು ರೂಪಿಸಿದವರು ವಿದ್ಯಾವಂತರು, ಟೈ ಕಟ್ಟುವವರು.

ಕುಲ್ಸುಮಬಿಯ ಮನೆಗೆ ಬಂದವನು ಜಹಾಂಗೀರ, ಹಾವೇರಿಯವನು, ಮೂವತ್ತರ ಒಳಗಿನವನು. ಜೊತೆಗೆ ಮೋಟಾರ್ ಸೈಕಲ್ ನಡೆಸುವ ಇನ್ನೊಬ್ಬ. ಮುಸಲ್ಮಾನರ ಮನೆಗೆ ಮುಸಲ್ಮಾನನನ್ನೇ ಕಳಿಸುವಷ್ಟು ಜಾಣತನ ಕಂಪನಿಗಿತ್ತು. ಅವನು ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆದ.

"ಸಲಾಂ ಖಾಲಾ. ಜೂನಿಂದ ಬರೇ ಐವತ್ತ ಕಟ್ಟಾಕತ್ತೀರಿ. ಉಳದದ್ದು ಯಾವಾಗ?"

ಅವಳು ಒಪ್ಪಂದದ ಹಾಳೆ ತಂದು ತೋರಿಸಿದಳು. ಅವನು ಅದನ್ನು ಕೈಗೂ ತೆಗೆದುಕೊಳ್ಳಲಿಲ್ಲ. "ಇದು ಆಫೀಸಿಂದು. ನಾ ಆಫೀಸ್ ಅಲ್ಲ, ರಿಕವರಿ. ನನ್ನ ಕೈಯಾಗ ಕೊಡಬೇಕು."

ಚೀಲ ಹೊಲಿಯುತ್ತಿದ್ದ ಮುತ್ತವ್ವ ತಲೆ ಎತ್ತದೆ ಕೇಳಿದಳು, "ಆಫೀಸಿನ ರೊಕ್ಕ ಅಲ್ಲಂದ್ರ ಯಾರ ರೊಕ್ಕ ಕೇಳಾಕ ಬಂದೀಯಪಾ? ನಿಮ್ಮಪ್ಪಂದೇನು?"

"ಏ ಮುದಕಿ, ನಿನಗ ಸಂಬಂಧ ಇಲ್ಲ, ಸುಮ್ನ ಕುಂದ್ರು."

"ಕುಂತ ಅದೇನಿ. ನಿಂತಾಂವ ನೀನ."

ವಾರಕ್ಕೆ ಎರಡು ಸಲ ಬಂದರು. ಶುಕ್ರವಾರ ನಮಾಜು ಬಿಡುವ ಹೊತ್ತಿಗೆ ಸರಿಯಾಗಿ, ಓಣಿಯಲ್ಲಿ ಗಂಡಸರು ತುಂಬಿರುವಾಗ, ಮೋಟಾರ್ ಸೈಕಲ್ಲಿನ ಹಾರ್ನು ಒತ್ತಿ ಹಿಡಿದು ನಿಲ್ಲುತ್ತಿದ್ದರು. ಒಂದು ಸಲ ಜಹಾಂಗೀರ ಎಲ್ಲರಿಗೂ ಕೇಳುವಂತೆ ಹೇಳಿದ: "ಖಾಲಾ, ಸಾಲ ತೀರೂತನಾ ಸತ್ತಾಂವನ ರೂಹು ಮ್ಯಾಲ ಹೋಗದ ನಡುವ ತೂಗತಿರತೈತಿ. ಗಂಡನ್ನ ಇನ್ನೂ ಎಷ್ಟ ದಿನ ತೂಗ ಹಾಕತೀರಿ?"

ದೇವರ ಹೆಸರನ್ನು ಶೇಕಡಾ ಹದಿನೈದರ ಕಮಿಷನ್ನಿಗೆ ಹಚ್ಚಿದ ಆ ಮಾತನ್ನು ಕೇಳಿ ಓಣಿಯ ಯಾವ ಗಂಡಸೂ ಬಾಯಿ ಬಿಡಲಿಲ್ಲ. ಅವಳು ಒಳಗೆ ಹೋಗಿ ದಬ್ಬಣ ಹಲಗೆಯಿಂದ ಕಿತ್ತು, ರಸೀದಿಗಳ ಸಮೇತ ತಂದು ಅವನ ಮುಖದ ಮುಂದೆ ಹಿಡಿದಳು. "ತಪ್ಪಿದ ತಿಂಗಳ ತೋರಸು" ಎಂದಳು. ಅವನು ದಬ್ಬಣದ ಮೊನೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ತಿಂಗಳು ತೋರಿಸಲಿಲ್ಲ.

ಮುಂದಿನ ವಾರ ಅವರು ರಾಣೆಬೆನ್ನೂರಿಗೆ ಹೋದರು. ಕುಲ್ಸುಮಬಿಯ ಒಬ್ಬಳೇ ಮಗಳು ಮುಮ್ತಾಜಬಿಯನ್ನು ಅಲ್ಲಿಗೆ ಕೊಟ್ಟಿತ್ತು. ಅಳಿಯನದು ಸೈಕಲ್ ಅಂಗಡಿ. ಅಂಗಡಿಯ ಮರದ ಬಾಕಿನ ಮೇಲೆ ಕುಳಿತು, ಪಂಕ್ಚರ್ ಹಾಕಿಸಲು ಬಂದವರಿಗೆಲ್ಲ ಜಹಾಂಗೀರ ಇವನ ಅತ್ತೆ ಸಾಲ ಮುಳುಗಿಸಿದವಳು ಎಂದು ಹೇಳಿದ. ಅಳಿಯನ ತಾಯಿ ಸುಗರಾಬಿ ಬ್ಯಾಡಗಿಗೆ ಹೇಳಿ ಕಳಿಸಿದಳು: ಸಾಲ ತೀರುವವರೆಗೆ ಮಗಳನ್ನು ತವರಿಗೆ ಕರೆಯಬೇಡಿ, ನೀವೂ ಬರಬೇಡಿ. ಕುಲ್ಸುಮಬಿ ಮರುದಿನವೇ ಬಸ್ಸು ಹತ್ತಿದಳು. ಬೀಗಿತಿಯ ಎದುರು ಕುಳಿತು, ಅಳಿಯನಿಂದ ಒಪ್ಪಂದವನ್ನೂ ಒಂದೊಂದು ರಸೀದಿಯನ್ನೂ ಓದಿಸಿದಳು. ಸುಗರಾಬಿ ಪೂರ್ತಿ ಕೇಳಿ, "ಎಲ್ಲಾ ಬರೋಬ್ಬರಿ ಐತಿ. ಆದ್ರ ಅಂಗಡಿ ಮುಂದ ಮಂದಿ ಕೂಡತೇತಲ್ಲ" ಎಂದಳು. ಮಗಳು ಆ ವರ್ಷ ಹಬ್ಬಕ್ಕೂ ತವರಿಗೆ ಬರಲಿಲ್ಲ.

ನವೆಂಬರಿನ ಕಂತು ಕಟ್ಟಲು ಹೋದಾಗ ಅವಳು ಕೌಂಟರಿನ ಗುಮಾಸ್ತನಿಗೆ ದೂರು ಹೇಳಿದಳು. ಅವನು ಐವತ್ತು ರೂಪಾಯಿ ಎಣಿಸಿ ರಸೀದಿ ಹರಿದು ಕೊಟ್ಟು, "ನೀವು ಕಟ್ಟಾಕತ್ತೀರಲ್ಲರಿ, ಮತ್ಯಾಕ ಹೆದರತೀರಿ?" ಎಂದ. ಅದಾದ ಹನ್ನೆರಡನೆಯ ದಿನ ಅವಳ ಮನೆಯ ಮುಂದೆ ಟೆಂಪೊ ಬಂದು ನಿಂತಿತು.

ಇಲ್ಲಿ ಬ್ಯಾಡಗಿ ಪೇಟೆಯ ಒಂದು ರೂಢಿಯನ್ನು ಹೇಳಬೇಕು. ಚೀಲದ ವ್ಯಾಪಾರದಲ್ಲಿ ಕಾಗದ ಇರುತ್ತಿರಲಿಲ್ಲ. ಮಾರುವವರು ಕಟ್ಟುಗಳನ್ನು ಗಟ್ಟಿಯಾಗಿ ಎಣಿಸುತ್ತಾರೆ. ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಕೊಳ್ಳುವವನ ಕಡೆಯವನು ಪ್ರತಿ ಎಣಿಕೆಯನ್ನೂ ತಿರುಗಿ ಹೇಳಿ ಕಟ್ಟನ್ನು ಎತ್ತಿಸುತ್ತಾನೆ. ಇದಕ್ಕೆ ಎಣಿಕೆ ಹಿಡಿಯುವುದು ಎಂದು ಹೆಸರು. ಕೊನೆಯ ಎಣಿಕೆಯನ್ನು ಇಬ್ಬರೂ ಹೇಳಿದರೆ ವ್ಯಾಪಾರ ಮುಗಿಯಿತು. ದರ ಅಂದಿನ ಪೇಟೆಯ ದರ. ಸಾಕ್ಷಿ ಹಮಾಲರು. ಎಣಿಕೆ ಹಿಡಿದವನು ಆಮೇಲೆ ಇಲ್ಲ ಎಂದರೆ ಆ ಪೇಟೆಯಲ್ಲಿ ಅವನಿಗೆ ಯಾರೂ ಮಾಲು ಕೊಡುವುದಿಲ್ಲ.

ಜಹಾಂಗೀರ ಪೇಟೆಯ ಮನುಷ್ಯನಲ್ಲ. ಅವನು ಎತ್ತಲು ನಾಲ್ವರು ಹಮಾಲರನ್ನು ಪೇಟೆಯಿಂದಲೇ ಕೂಲಿಗೆ ಹಿಡಿದು ತಂದಿದ್ದ. ಎಲ್ಲಿಗೆ, ಏಕೆ ಎಂದು ಅವರಿಗೆ ಹೇಳಿರಲಿಲ್ಲ. ಅವರಲ್ಲಿ ಹಿರಿಯ ಹಾಲಸಿದ್ದಪ್ಪ. ಮನೆ ಗುರುತು ಹತ್ತಿದ ಕೂಡಲೇ ಅವನು ಕಟ್ಟು ಎತ್ತುವ ಕಬ್ಬಿಣದ ಕೊಂಡಿಯನ್ನು ಹೆಗಲಿನಿಂದ ಇಳಿಸಿ ಕೆಳಗಿಟ್ಟ.

"ಇದು ಶಾಬುದ್ದೀನನ ಮನಿ. ಇಲ್ಲಿ ಎತ್ತಂಗಿಲ್ಲ ನಾನು."

"ಕಂಪನಿ ಜಪ್ತಿ ಐತಿ, ಎತ್ತು. ಇಲ್ಲಂದ್ರ ಕೂಲಿ ಇಲ್ಲ."

"ಕೂಲಿ ನೀನ ಇಟ್ಕೊ."

ಕುಲ್ಸುಮಬಿ ಬಾಗಿಲಲ್ಲಿ ನಿಂತಿದ್ದಳು. ಒಳಗೆ ನಲವತ್ತೆಂಟು ಕಟ್ಟು, ಐದು ತಿಂಗಳ ಹೊಲಿಗೆ. ಎರಡು ವಾರ ಕಳೆದರೆ ಮಾರುವ ಕಾಲ. ಜಹಾಂಗೀರನ ಜೊತೆಗಿದ್ದವನು ಹಾಲಸಿದ್ದಪ್ಪನನ್ನು ತಳ್ಳಿ ಒಳಗೆ ನುಗ್ಗಿ, ಒಂದು ಕಟ್ಟನ್ನು ಕಾಲಿನಿಂದ ಒದ್ದು ಹೊರಗೆ ಉರುಳಿಸಿದ. ಹಾಲಸಿದ್ದಪ್ಪ ಅವನ ಅಂಗಿ ಹಿಡಿದ. ಅವಳು ಅಡ್ಡ ಬಂದಳು.

"ಬಿಡ್ರಿ ಹಾಲಸಿದ್ದಪ್ಪ. ನಿಮ್ಮ ಕೂಲಿ ಯಾಕ ಕಳಕೊಂತೀರಿ, ನೀವ ಎತ್ರಿ. ಒದ್ದ ಒಯ್ಯೂದ ಬ್ಯಾಡ, ಎಣಿಸಿ ಒಯ್ಯಲಿ. ನಾ ಎಣಸತೇನಿ."

ಒಯ್ದದ್ದು ಎಷ್ಟು ಎಂದು ಆಮೇಲೆ ಹೇಳಲಾದರೂ ಬರಲಿ ಎಂದಷ್ಟೇ ಆಗ ಅವಳ ಮನಸ್ಸಿನಲ್ಲಿದ್ದದ್ದು. ಹಾಲಸಿದ್ದಪ್ಪ ಮೊದಲನೆಯ ಕಟ್ಟಿಗೆ ಕೊಂಡಿ ಹಾಕಿದ.

"ಲಾಭ," ಎಂದಳು ಅವಳು.

ಜಹಾಂಗೀರ ಬಿದ್ದು ನಕ್ಕ. ಟೆಂಪೊದ ಹಲಗೆಯ ಮೇಲೆ ನಿಂತು, ಹೆಂಗಸಿನ ದನಿ ಮಾಡಿ, "ಲಾಽಭ!" ಎಂದ. "ನಿನಗ ಲಾಭ ಏನ್ ಬಂತು ಖಾಲಾ? ಲಾಭ ನಮಗ!"

"ಎರಡು."

"ಎರಡು!"

"ಮೂರು."

"ಮೂರೂ!"

ಮೂರನೆಯದಕ್ಕೆ ಅವಳು ಹಾಲಸಿದ್ದಪ್ಪನ ಕಡೆ ನೋಡಿದಳು. ಹಾಲಸಿದ್ದಪ್ಪ ಅವಳ ಕಡೆ ನೋಡಿದ. ಅಲ್ಲಿಂದ ಅವಳು ನಿಧಾನ ಎಣಿಸಿದಳು. ಜಹಾಂಗೀರ ತಿರುಗಿ ಹೇಳುವವರೆಗೆ ಮುಂದಿನ ಕಟ್ಟು ಎತ್ತಲು ಬಿಡಲಿಲ್ಲ. ಹದಿನಾರನೆಯದಕ್ಕೆ ಅವನು ಬೀಡಿ ಹಚ್ಚಿಕೊಳ್ಳುತ್ತ ಸುಮ್ಮನಾದ. ಮುತ್ತವ್ವ ಕೂಗಿದಳು, "ಯಾಕೋ ಸಾಹೇಬ, ಹದಿನಾರರ ಮುಂದ ಎಣಿಕಿ ಬರೂದಿಲ್ಲೇನು? ಸಾಲಿಗೆ ಹೋಗಿಲ್ಲ?" ಅವನಿಗೆ ರೇಗಿತು. ಉಳಿದದ್ದನ್ನು ಅವಳಿಗಿಂತ ಗಟ್ಟಿಯಾಗಿ ಎಣಿಸಿದ. ನಲವತ್ತೆಂಟು ಎಂದಾಗ ಎದೆ ತಟ್ಟಿಕೊಂಡು ನಲವತ್ತೆಂಟು ಎಂದ. ಅಷ್ಟರಲ್ಲಿ ಓಣಿ ತುಂಬ ಜನ ಕೂಡಿದ್ದರು.

"ತಮ್ಮಾ, ನೀ ಎಣಿಕಿ ಹಿಡದಿ," ಎಂದ ಹಾಲಸಿದ್ದಪ್ಪ.

"ಹಿಡದ್ನಿ. ಏನಾತೀಗ?"

"ಏನಿಲ್ಲ. ಬರೋಬ್ಬರಿ ಆತು."

ಟೆಂಪೊ ಹೋದ ಮೇಲೆ ಕುಲ್ಸುಮಬಿ ನೀರು ಕುಡಿದು, ಹಮಾಲರನ್ನು ಕರೆದುಕೊಂಡು ನೇರ ಪ್ರಭುಲಿಂಗಪ್ಪನವರ ಅಂಗಡಿಗೆ ಹೋದಳು. ಅವರು ನಡೆದದ್ದನ್ನು ಎರಡು ಸಲ ಕೇಳಿದರು. "ಖರೇ ಎಲ್ಲಾ ತಿರುಗಿ ಹೇಳಿದ್ನೇನು? ಒಂದೂ ಬಿಡದ?" ಹಾಲಸಿದ್ದಪ್ಪ ಮೀಸೆಯ ಮೇಲೆ ಕೈ ಇಟ್ಟು ಹೌದು ಎಂದ.

"ಹಂಗಾರ ಇದು ವ್ಯಾಪಾರ," ಎಂದರು ಪ್ರಭುಲಿಂಗಪ್ಪನವರು. "ಏನ್ ದರ ಹಚ್ಚಲಿವಾ ಕುಲ್ಸುಮಾ?"

"ಇವತ್ತಿನ ಪ್ಯಾಟಿ ದರ ಹಚ್ರಿ ಸಾವ್ಕಾರ್ರ. ಒಂದು ಪೈಸಾ ಹೆಚ್ಚ ಬ್ಯಾಡ, ಕಡಿಮಿನೂ ಬ್ಯಾಡ."

ಅಂದು ತೇಪೆಯ ಚೀಲಕ್ಕೆ ಮೂರೂವರೆ ರೂಪಾಯಿ. ಸಾವಿರದ ಇನ್ನೂರು ಚೀಲಕ್ಕೆ ನಾಲ್ಕು ಸಾವಿರದ ಇನ್ನೂರು. ಅವರು ಅಂಗಡಿಯ ಪಟ್ಟಿಪುಸ್ತಕದಲ್ಲಿ ಕಂಪನಿಯ ಹೆಸರಿಗೆ ಮಾರಾಟದ ಪಟ್ಟಿ ಬರೆದು, ನಾಲ್ವರು ಹಮಾಲರ ಹೆಬ್ಬೆಟ್ಟು ಹಾಕಿಸಿ, ಕೆಳಗೆ ತಾವು ಸಹಿ ಮಾಡಿದರು. ದಲಾಲಿ ಹಿಡಿಯಲಿಲ್ಲ.

ಡಿಸೆಂಬರ್ ಹತ್ತಕ್ಕೆ ಅವಳು ಹಾವೇರಿಯ ಆಫೀಸಿಗೆ ಬಂದಳು, ಪ್ರಭುಲಿಂಗಪ್ಪನವರೂ ಹಾಲಸಿದ್ದಪ್ಪನೂ ಜೊತೆಗೆ. ನಾನು ಅವಳನ್ನು ಮೊದಲು ನೋಡಿದ್ದು ಅಂದು. ಠೇವಣಿ ಇಟ್ಟವರಿಗೆ ಬಡ್ಡಿ ಕೊಡುವ ದಿನ ಅದು. ಸಾಲಿನಲ್ಲಿ ನಿವೃತ್ತ ಪೋಸ್ಟ್‌ಮಾಸ್ತರರು, ಮಾಸ್ತರರು, ಇಬ್ಬರು ವಿಧವೆಯರು, ನಾನು ಇದ್ದೆವು. ಬ್ಯಾಂಕಿಗಿಂತ ನೂರಕ್ಕೆ ನಾಲ್ಕು ರೂಪಾಯಿ ಹೆಚ್ಚು ಬಡ್ಡಿ ಬರುತ್ತದೆ ಎಂದು ನನ್ನ ನಿವೃತ್ತಿಯ ಹಣದಲ್ಲಿ ಸ್ವಲ್ಪ ಅಲ್ಲಿಟ್ಟಿದ್ದೆ. ಆ ನಾಲ್ಕು ರೂಪಾಯಿ ಎಲ್ಲಿಂದ ಬರುತ್ತದೆ ಎಂದು ವಿಚಾರಿಸಿರಲಿಲ್ಲ.

ಮ್ಯಾನೇಜರ್ ಪಟ್ಟಿ ಓದಿ ಮೇಜಿನ ಮೇಲೆ ಎಸೆದ. "ಏನಮ್ಮ ಇದು? ನಾವು ಚೀಲ ಖರೀದಿ ಮಾಡೋರಾ? ಅದು ಜಪ್ತಿ. ಹರಾಜಿನಾಗ ಒಂಬೈನೂರು ಬಂದೈತಿ, ನಿನ್ನ ಖಾತೆಗೆ ಜಮಾ ಆಗೇತಿ."

"ಸಾವಿರದ ಇನ್ನೂರು ಚೀಲಕ್ಕ ಒಂಬೈನೂರೇ?" ಎಂದರು ಪ್ರಭುಲಿಂಗಪ್ಪನವರು. "ರಾಣೆಬೆನ್ನೂರಾಗ ನಿಮ್ಮ ಜಹಾಂಗೀರ ಎರಡೂವರಿ ರೂಪಾಯಿಗೆ ಒಂದರಂಗ ಮಾರ್ಯಾನ. ಕೊಂಡಾಂವನ ಹೆಸರು ಹೇಳಲೇನು?"

ಕುಲ್ಸುಮಬಿ ಮುಂದೆ ಬಂದಳು. ಕುಳ್ಳಗೆ, ಕಪ್ಪು ಸೀರೆಯ ಸೆರಗನ್ನು ಹಣೆಯವರೆಗೆ ಎಳೆದುಕೊಂಡ ಹೆಂಗಸು. ದನಿ ಏರಿಸಲಿಲ್ಲ.

"ಜಪ್ತಿ ಅಂತೀರಿ. ಕೋರ್ಟಿನ ಕಾಗದ ತೋರಸ್ರಿ."

"ಅದೆಲ್ಲ ನಿನಗ ತಿಳಿಯೂದಿಲ್ಲ."

"ಕಾಗದ ಇಲ್ಲಂದ್ರ ಎರಡ ಮಾತು ಅದಾವರಿ. ಇಲ್ಲಾ ನಿಮ್ಮ ಮನಷಾ ಚೀಲ ಖರೀದಿ ಮಾಡ್ಯಾನ, ಇಲ್ಲಾ ಕಳುವು ಮಾಡ್ಯಾನ. ಖರೀದಿ ಆದ್ರ ರೊಕ್ಕ ಕೊಡ್ರಿ. ಕಳುವು ಆದ್ರ ನಾ ಠಾಣೇಕ ಹೊಕ್ಕೇನಿ, ಸಾಕ್ಷಿ ಇಲ್ಲೇ ನಿಂತೈತಿ. ಯಾವುದು ಅನ್ನೂದ ನೀವ ಹೇಳ್ರಿ."

ಆಮೇಲೆ ಅವಳು ಸಾಲಿನ ಕಡೆ ತಿರುಗಿದಳು. ಕನ್ನಡಕ ಹಾಕಿಕೊಂಡ ಹೆಂಗಸು ನಾನೊಬ್ಬಳೇ; ಒಪ್ಪಂದದ ಹಾಳೆಯನ್ನು ನನ್ನ ಕೈಗೆ ಕೊಟ್ಟಳು. "ಅಕ್ಕಾರ, ಇದರಾಗ ಏನ್ ಬರದೈತಿ, ಎಲ್ಲಾರಿಗೂ ಕೇಳೂವಂಗ ಓದ್ರಿ."

ಓದಿದೆ. ವಸೂಲಿಗೆ ಯಾರೂ ಮನೆಗೆ ಬರುವುದಿಲ್ಲ ಎಂಬ ಸಾಲನ್ನು ಎರಡು ಸಲ ಓದಿದೆ. ಕೆಳಗಿನ ಸಹಿಯನ್ನೂ ಓದಿದೆ. ಆ ಸಹಿಯವನು ಎದುರಿಗೇ ಕುಳಿತಿದ್ದ.

ಪೋಸ್ಟ್‌ಮಾಸ್ತರರು ಕೆಮ್ಮಿ, "ಅಲ್ಲರಿ ಮ್ಯಾನೇಜರ್ ಸಾಹೇಬ್ರ, ಮೂರು ಸಾವಿರದ ಮಾಲಿಗೆ ಕಂಪನಿಗೆ ಒಂಬೈನೂರು ಮುಟ್ಟಿದ್ರ, ನಮ್ಮ ರೊಕ್ಕಾನೂ ಹಂಗ ಮುಟ್ಟತೇತೇನು?" ಎಂದರು. ಇನ್ನೊಬ್ಬರು ತಮ್ಮ ಠೇವಣಿಯ ಅವಧಿ ಯಾವಾಗ ಮುಗಿಯುತ್ತದೆ ಎಂದು ಗುಮಾಸ್ತನನ್ನು ಕೇಳಿದರು. ಮತ್ತೊಬ್ಬರು ಅವಧಿಗೆ ಮೊದಲೇ ತೆಗೆಯಲು ಬರುತ್ತದೆಯೇ ಎಂದರು.

ಮ್ಯಾನೇಜರ್ ಎದ್ದು ಎಲ್ಲರಿಗೂ ಚಹಾ ತರಿಸಲು ಹೇಳಿದ. ಅವನನ್ನು ಮೆತ್ತಗಾಗಿಸಿದ್ದು ನಾಚಿಕೆಯಲ್ಲ, ನ್ಯಾಯವೂ ಅಲ್ಲ. ನಮ್ಮ ಸಾಲು. ನಮ್ಮನ್ನು ಮಾತಾಡಿಸಿದ್ದೂ ಆ ಹೆಂಗಸಿನ ಮೇಲಿನ ಅನುಕಂಪವಲ್ಲ, ನಮ್ಮ ನಮ್ಮ ಠೇವಣಿ. ಇದನ್ನು ಮುಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ.

ಅವಳ ಬಾಕಿ ಮೂರು ಸಾವಿರದ ಒಂಬೈನೂರು. ಚೀಲದ ಬೆಲೆ ನಾಲ್ಕು ಸಾವಿರದ ಇನ್ನೂರು. ಶಾಬುದ್ದೀನನ ಸಾಲ ಪೂರ್ತಿ ತೀರಿದೆ, ಅವನ ಹೆಸರಿನಲ್ಲಿ ಏನೂ ಬಾಕಿ ಇಲ್ಲ ಎಂದು ಮ್ಯಾನೇಜರ್ ಬರೆದು ಕೊಟ್ಟ. ಅದನ್ನೂ ನನ್ನಿಂದ ಓದಿಸಿ, ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು. ಹೊರಡಲಿಲ್ಲ.

"ಇನ್ನೇನು?" ಎಂದ ಅವನು.

"ಮುನ್ನೂರು ಉಳೀತಲ್ಲರಿ. ನಂದು."

"ಅದನ್ನ ಕೊಡಾಕ ನಮ್ಮಲ್ಲಿ ದಾರಿ ಇಲ್ಲ. ಒಮ್ಮೆಕ್ಕ ಆಗೂದಿಲ್ಲ."

"ಒಮ್ಮೆಕ್ಕ ಯಾರು ಕೇಳಿದ್ರು? ತಿಂಗಳಿಗೆ ಐವತ್ತು ಕೊಡ್ರಿ. ಹತ್ತನೇ ತಾರೀಖಿಗೆ ನಾನ ಬರತೇನಿ. ನಿಮ್ಮ ಮನೀಗೆ ಬರೂದಿಲ್ಲ."

ಸಾಲಿನಲ್ಲಿ ಯಾರೋ ನಕ್ಕರು. ಅವಳು ನಗಲಿಲ್ಲ. ಅದನ್ನೂ ಬರೆಸಿಕೊಂಡೇ ಹೋದಳು.

ನಾನು ಅಂದು ನನ್ನ ಬಡ್ಡಿ ತೆಗೆದುಕೊಂಡೇ ಮನೆಗೆ ಬಂದೆ. ಠೇವಣಿ ತೆಗೆದದ್ದು ಎಂಟು ದಿನ ಬಿಟ್ಟು. ಆ ಎಂಟು ದಿನಕ್ಕೆ ನನ್ನ ಹತ್ತಿರ ಯಾವ ಸಮರ್ಥನೆಯೂ ಇಲ್ಲ.

ಇದನ್ನು ಗೆಲುವು ಎಂದು ಕರೆಯುವವರಿದ್ದಾರೆ. ಪೇಟೆ ತೆರೆದಾಗ ಅವಳ ಕೋಣೆ ಖಾಲಿಯಿತ್ತು. ಆ ಚೀಲಗಳನ್ನು ಪೇಟೆಗೆ ಕಾಯಿ ತುಂಬಿ ಬಂದಾಗ ಮಾರಿದ್ದರೆ ಚೀಲಕ್ಕೆ ಐದು ರೂಪಾಯಿ ಬರುತ್ತಿತ್ತು. ಮುಂದಿನ ವರ್ಷದ ಮಾಲಿಗೆ ಬಂಡವಾಳ ಉಳಿಯುತ್ತಿತ್ತು. ಡಿಸೆಂಬರಿನಿಂದ ಮೇ ತನಕ ಅವಳೂ ಮುತ್ತವ್ವನೂ ಬೇರೆಯವರ ಅಂಗಳದಲ್ಲಿ ದಿನಗೂಲಿಗೆ ಮೆಣಸಿನಕಾಯಿಯ ತೊಟ್ಟು ಬಿಡಿಸಿದರು. ಜಹಾಂಗೀರನ ಮೇಲೆ ಕೇಸಾಗಲಿಲ್ಲ. ಮರುವರ್ಷ ಅವನು ರಾಣೆಬೆನ್ನೂರಿನಲ್ಲಿ ಇನ್ನೊಂದು ಕಂಪನಿಗೆ ಇದೇ ಕೆಲಸ ಮಾಡುತ್ತಿದ್ದ, ಮೋಟಾರ್ ಸೈಕಲ್ ಹೊಸದಿತ್ತು. ಸುಗರಾಬಿ ಮಾತ್ರ ಬಾಕಿ ಇಲ್ಲದ ಕಾಗದವನ್ನು ಅಂಗಡಿಯಲ್ಲಿ ನಾಲ್ಕು ಜನರ ಎದುರು ಮಗನಿಂದ ಓದಿಸಿದಳು. ಮುಮ್ತಾಜಬಿ ತವರಿಗೆ ಬಂದು ಹದಿನೈದು ದಿನ ಇದ್ದಳು.

ಜನವರಿಯಿಂದ ಪ್ರತಿ ಹತ್ತನೆಯ ತಾರೀಖು ಕುಲ್ಸುಮಬಿ ಹಾವೇರಿಯ ಆಫೀಸಿಗೆ ಹೋದಳು. ಮೊದಲ ತಿಂಗಳು ಮಧ್ಯಾಹ್ನದವರೆಗೆ ಕೂರಿಸಿದರು. ಅವಳು ಬಾಕಿನ ಮೇಲೆ ಕುಳಿತು, ಕೈಚೀಲದಿಂದ ದಬ್ಬಣ, ಹರಿದ ಗೋಣಿಚೀಲ ತೆಗೆದು ಹೊಲಿಯತೊಡಗಿದಳು. ಯಾರನ್ನೂ ಕರೆಯಲಿಲ್ಲ, ಕೂಗಲಿಲ್ಲ. ಬಂದವರೆಲ್ಲ ಗುಮಾಸ್ತನನ್ನು, ಯಾರದು, ಯಾಕೆ ಕುಳಿತಿದ್ದಾಳೆ ಎಂದು ಕೇಳಿದರು. ಎರಡನೆಯ ತಿಂಗಳಿನಿಂದ ಅವಳು ಬಾಗಿಲೊಳಗೆ ಕಾಲಿಟ್ಟ ಕೂಡಲೇ ಐವತ್ತು ರೂಪಾಯಿ ಕೌಂಟರಿನ ಮೇಲೆ ಬರುತ್ತಿತ್ತು. ಎಣಿಸಿ ತೆಗೆದುಕೊಂಡು, ಅವರ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿ ಹೋಗುತ್ತಿದ್ದಳು.

ಜೂನಿನಲ್ಲಿ ಆರನೆಯ ಐವತ್ತು ಬಂತು. ಅಂದು ಅವಳು ಅಲ್ಲಿಂದ ನೇರ ಕಿರಾಣಿ ಅಂಗಡಿಗಳ ಸಾಲಿಗೆ ನಡೆದು, ಅದೇ ದುಡ್ಡಿಗೆ ನಲವತ್ತು ಹರಿದ ಚೀಲ ಕೊಂಡಳು. ಕಟ್ಟಿ, ತಲೆಯ ಮೇಲೆ ಹೊತ್ತು ನಿಲ್ದಾಣಕ್ಕೆ ಬಂದಳು. ಬ್ಯಾಡಗಿಯ ಬಸ್ಸಿನ ಕಂಡಕ್ಟರ್ ಲಗೇಜಿಗೆ ಒಂದು ರೂಪಾಯಿ ಕೇಳಿದ. ಅವನು ಚೀಟಿ ಹರಿದು ಕೊಡುವವರೆಗೆ ಅವಳು ರೂಪಾಯಿ ಕೊಡಲಿಲ್ಲ.